ಮಾರ್ಚ್ ಗೋಡೆ

ಮಾರ್ಚ್ ತಿಂಗಳು ಬಂತೆಂದರೆ ನೀಲಗಿರಿಯ ಮಂಜೂರಿನ ನಮ್ಮ ರಸ್ತೆ ಸೆಕ್ಷನ್ ಆಫೀಸಿನಲ್ಲಿ ಒಂದಾದರೂ ಹೊಡೆದಾಟ ಖಂಡಿತ. ಬಿಲ್ಲು ತಡವಾಯಿತೆಂದು ಕಂಟ್ರಾಕ್ಟರು ಗುಮಾಸ್ತನ ಕುತ್ತಿಗೆಪಟ್ಟಿ ಹಿಡಿಯುತ್ತಿದ್ದ. ಕೂಲಿ ಬರಲಿಲ್ಲವೆಂದು ಕಲ್ಲು ಒಡೆಯುವವರು ಕಂಟ್ರಾಕ್ಟರನ ಲಾರಿಗೆ ಕಲ್ಲು ಬೀರುತ್ತಿದ್ದರು. ಓವರ್‌ಸಿಯರು ಇವರ್ಯಾರಿಗೂ ಕೈ ಎತ್ತಲಾರದೆ ಮನೆಗೆ ಹೋಗಿ ಹೆಂಡತಿಗೆ ಹೊಡೆಯುತ್ತಿದ್ದ. ಆ ಹೆಂಗಸು ಮರುದಿನ ಮುಸುಕೆಳೆದುಕೊಂಡು ನೀರಿಗೆ ಹೋಗುತ್ತಿದ್ದುದನ್ನು ನಾವೆಲ್ಲ ನೋಡುತ್ತಿದ್ದೆವು, ನೋಡಿ ಸುಮ್ಮನಿರುತ್ತಿದ್ದೆವು.

ನಾನು ಅಲ್ಲಿ ವರ್ಕ್ ಇನ್‌ಸ್ಪೆಕ್ಟರ್. ಹೆಸರು ದೊಡ್ಡದು, ಕೆಲಸ ಅಳತೆ ಟೇಪಿನ ಒಂದು ತುದಿ ಹಿಡಿಯುವುದು. ನಮ್ಮಪ್ಪ ಗುಂಡ್ಲುಪೇಟೆ ಕಡೆಯಿಂದ ಘಟ್ಟ ಹತ್ತಿ ಬಂದು ಊಟಿಯಲ್ಲಿ ಆಲೂಗಡ್ಡೆ ಮಂಡಿ ಇಟ್ಟವರು. ತೂಕದ ಜಗಳದಲ್ಲಿ ನಾನೊಮ್ಮೆ ಗಿರಾಕಿಯ ಕಪಾಳಕ್ಕೆ ಬಾರಿಸಿದ ಮೇಲೆ, "ನಿಂಗ ಸರ್ಕಾರಿ ಕೆಲಸವೇ ಸರಿ ಕನಪ್ಪ, ಅಲ್ಲಿ ಗಿರಾಕಿ ಅನ್ನೋನೇ ಇರದಿಲ್ಲ" ಎಂದು ಕೈ ಮುಗಿದು ಕಳಿಸಿದರು. ನನ್ನ ಕೈ ಯಾವಾಗಲೂ ಬಾಯಿಗಿಂತ ಒಂದು ಹೆಜ್ಜೆ ಮುಂದೆ. ಆದರೆ ಬಾಯಿ ತೆರೆಯಬೇಕಾದ ಕಡೆ ತೆರೆಯದೆ ನಾನು ಮಾಡಿದ ಅನಾಹುತ ಇದೆಯಲ್ಲ, ಅದು ಕೈಯಿಂದ ಯಾವತ್ತೂ ಆಗಿಲ್ಲ. ಅದನ್ನೇ ಇಲ್ಲಿ ಹೇಳಹೊರಟಿದ್ದೇನೆ. ಅರವತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲದ ಮಾತು.

ಮಾರ್ಚಿನ ಹುಚ್ಚು ಏನೆಂದು ಮೊದಲು ಹೇಳಬೇಕು. ವರ್ಷದ ಕೆಲಸಕ್ಕೆಂದು ಮದರಾಸಿನಿಂದ ಮಂಜೂರಾದ ಹಣ ನಮ್ಮ ಬೆಟ್ಟ ಹತ್ತುವಷ್ಟರಲ್ಲಿ ಸಂಕ್ರಾಂತಿ ಕಳೆದಿರುತ್ತಿತ್ತು. ಮಾರ್ಚ್ ಮೂವತ್ತೊಂದರೊಳಗೆ ಖರ್ಚಾಗದಿದ್ದರೆ ಅದು ವಾಪಸು ಹೋಗುತ್ತಿತ್ತು. ವಾಪಸು ಹೋದರೆ ಅಷ್ಟಕ್ಕೇ ಮುಗಿಯುತ್ತಿರಲಿಲ್ಲ, "ಇವರಿಗೆ ಖರ್ಚು ಮಾಡಲು ಬರುವುದಿಲ್ಲ" ಎಂದು ಮುಂದಿನ ವರ್ಷದ್ದಕ್ಕೂ ಕತ್ತರಿ. ಇತ್ತ ಜನವರಿ ಫೆಬ್ರವರಿಯಲ್ಲಿ ನಮ್ಮಲ್ಲಿ ಇಬ್ಬನಿ ಹೆಪ್ಪುಗಟ್ಟಿ ಹುಲ್ಲೆಲ್ಲ ಸುಟ್ಟು ಕರಕಲಾಗುವ ಚಳಿ. ಗಾರೆ ಕಚ್ಚುತ್ತಿರಲಿಲ್ಲ, ಕೆಳನಾಡಿನ ಗಾರೆಯವರು ಬರುತ್ತಿರಲಿಲ್ಲ. ಆದ್ದರಿಂದ ನಾವು ಗೋಡೆಯನ್ನು ಮಾರ್ಚಿನಲ್ಲಿ ಬರೆದು, ಏಪ್ರಿಲ್ ಮೇ ತಿಂಗಳಲ್ಲಿ ಕಟ್ಟುತ್ತಿದ್ದೆವು.

ಬರೆಯುವುದು ಎಂ ಬುಕ್ಕಿನಲ್ಲಿ, ಅಂದರೆ ಅಳತೆ ಪುಸ್ತಕದಲ್ಲಿ. ಕೆಲಸ ಆಗಿದೆ, ಇಷ್ಟುದ್ದ ಇಷ್ಟೆತ್ತರ ಇದೆ ಎಂದು ಅದರಲ್ಲಿ ಬರೆದು ಓವರ್‌ಸಿಯರು ಸಹಿ ಹಾಕಿದರೆ ಕಂಟ್ರಾಕ್ಟರನಿಗೆ ಹಣ ಹೋಗುತ್ತಿತ್ತು. ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅನ್ನುವ ಪುಸ್ತಕ ಅದು. ಇನ್ನೂ ಕಟ್ಟದ ಗೋಡೆಯ ಪುಟದ ಮೂಲೆಯಲ್ಲಿ ನಾವು ಪೆನ್ಸಿಲಿನಿಂದ ಒಂದು ಸಣ್ಣ ಚುಕ್ಕೆ ಇಡುತ್ತಿದ್ದೆವು. ಗೋಡೆ ಎದ್ದ ದಿನ ಚುಕ್ಕೆ ಅಳಿಸುತ್ತಿದ್ದೆವು. ಇಂಥವಕ್ಕೆ ಮಾರ್ಚ್ ಗೋಡೆ ಎಂದು ಹೆಸರು. ಕಂಟ್ರಾಕ್ಟರು ಹಣ ನುಂಗಿ ಕಟ್ಟದೆ ಹೋಗುತ್ತಿರಲಿಲ್ಲವೆ ಎಂದು ಕೇಳಬಹುದು. ಹೋಗುತ್ತಿರಲಿಲ್ಲ. ಕಟ್ಟದಿದ್ದರೆ ಬರುವ ವರ್ಷ ಅವನಿಗೆ ಕೆಲಸವಿಲ್ಲ, ಅದೊಂದೇ ಹೆದರಿಕೆಯಿಂದ ಕಟ್ಟುತ್ತಿದ್ದ. ಕಳ್ಳತನವೇ, ಆದರೆ ನಿಯತ್ತಿನ ಕಳ್ಳತನ.

ಆ ವರ್ಷ ನಮ್ಮ ಪುಸ್ತಕದಲ್ಲಿ ಒಂಬತ್ತು ಚುಕ್ಕೆಗಳಿದ್ದವು. ಎಂಟು ಗೋಡೆಗಳು ಎಲ್ಲೆಲ್ಲೋ ಕಾಡಿನ ಮಗ್ಗುಲಲ್ಲಿ. ಅವು ಇಲ್ಲದಿದ್ದರೂ ಸಾಯಲು ಅಲ್ಲಿ ಯಾರೂ ಇರಲಿಲ್ಲ. ಒಂಬತ್ತನೆಯದು ಕುಂದಾ ಅಣೆಕಟ್ಟಿನ ಕಡೆಗೆ ಇಳಿಯುವ ರಸ್ತೆಯ ಏಳನೇ ತಿರುವಿನದು. ಪವರ್‌ಹೌಸಿಗೆ ಯಂತ್ರ ಹೊತ್ತ ಲಾರಿಗಳು ಓಡಾಡಿ ಓಡಾಡಿ ಅಲ್ಲಿ ರಸ್ತೆಯ ಕೆಳಅಂಚು ಬಿರುಕು ಬಿಟ್ಟಿತ್ತು. ಆ ಅಂಚಿನ ನೇರ ಕೆಳಗೆ, ಒಂದು ಕೂಗಿನ ದೂರದಲ್ಲಿ, ನಮ್ಮ ಗ್ಯಾಂಗ್ ಕೂಲಿಗಳ ಲೈನು. ಹನ್ನೊಂದು ಮನೆಗಳು, ತಗಡಿನ ಮಾಡು.

ಗ್ಯಾಂಗಿನ ಮೇಸ್ತ್ರಿ ಚಾಮರಾಜನಗರದ ಕಡೆಯವನು, ಅಪ್ಪನ ವಯಸ್ಸಿನವನು. ಕರೆಂಟಿನ ಕೆಲಸಕ್ಕೆ ಸುರಂಗ ಕೊರೆಯುವಾಗ ಮದ್ದಿನ ಕೇಪು ಕೈಯಲ್ಲೇ ಸಿಡಿದು ಎಡಗೈಯ ಎರಡು ಬೆರಳು ಕಳೆದುಕೊಂಡಿದ್ದ. ಮಾತು ಕಡಿಮೆ. ಆ ಮಾರ್ಚಿನಲ್ಲಿ ನಾನೂ ಓವರ್‌ಸಿಯರೂ ಏಳನೇ ತಿರುವಿನಲ್ಲಿ ನಿಂತು ಬರಿಗಾಳಿಗೆ ಟೇಪು ಹಿಡಿದು ಗೋಡೆ ಬರೆದುಕೊಂಡಾಗ ಟೇಪಿನ ಇನ್ನೊಂದು ತುದಿ ಹಿಡಿದವನು ಅವನೇ.

"ಬುದ್ದಿ, ಇದ್ನ ಮೊದ್ಲು ಕಟ್ಸಿ. ಮಿಕ್ಕವು ಹಿಂದಾದ್ರೂ ಪರವಾಗಿಲ್ಲ. ನನ್ ಮನ ನೆತ್ತಿ ಮ್ಯಾಲೇ ಅದ ಇದು" ಎಂದ.

"ಮಳೆಗೆ ಮೊದಲು ಕಟ್ಟಿಸ್ತೀನಿ ಮೇಸ್ತ್ರಿ, ನನ್ನ ಮಾತು" ಎಂದೆ. ಯಾರೂ ಕೇಳದಿದ್ದರೂ ಮಾತು ಕೊಟ್ಟೆ. ಆಗ ಅದು ಕಷ್ಟದ ಮಾತಾಗಿರಲಿಲ್ಲ.

ಏಪ್ರಿಲ್ ಮೊದಲ ವಾರ ಹಳೆಯ ಇಂಜಿನಿಯರ್ ಸಾಹೇಬರು ನಿವೃತ್ತರಾಗಿ ಹೊಸಬರು ಬಂದರು. ತಂಜಾವೂರಿನ ಕಡೆಯ ಹುಡುಗ, ನನಗಿಂತ ಎರಡು ಮೂರು ವರ್ಷ ದೊಡ್ಡವರಿರಬಹುದು. ನಮ್ಮ ಚಳಿಗೆ ಕೆಮ್ಮಿ ಕೆಮ್ಮಿ ಕುತ್ತಿಗೆಗೆ ಸದಾ ಉಣ್ಣೆಯ ಮಫ್ಲರ್ ಸುತ್ತಿಕೊಂಡಿರುತ್ತಿದ್ದರು. ಮೊದಲ ದಿನವೇ ಕಂಟ್ರಾಕ್ಟರು ಕಳಿಸಿದ ಕಿತ್ತಳೆ ಬುಟ್ಟಿಯನ್ನು ಕಿಟಕಿಯಿಂದ ಹೊರಕ್ಕೆ ಎಸೆದರು. ಹಣ್ಣು ರಸ್ತೆಯುದ್ದ ಉರುಳಿ ಹೋದವು. ನಾನು ಬಿದ್ದು ಬಿದ್ದು ನಕ್ಕೆ.

ಅವರು ತಂದ ಕಟ್ಟುಪಾಡುಗಳು ಒಂದೊಂದೂ ಸರಿಯಾದವೇ. ಪ್ರತಿ ಕೆಲಸದ ಹತ್ತಿರ ಇದು ಏನು ಕೆಲಸ, ಎಷ್ಟರದ್ದು, ಯಾರು ಮಾಡುವವರು ಎಂದು ಹಲಗೆ ಬರೆಸಿ ನಿಲ್ಲಿಸಿದರು. ಆಗದ ಕೆಲಸಕ್ಕೆ ಕಾಸು ಬಿಚ್ಚುವಂತಿಲ್ಲ. ಕೂಲಿಯನ್ನು ಕಂಟ್ರಾಕ್ಟರನ ಕೈಗೆ ಒಟ್ಟಿಗೆ ಕೊಡುವಂತಿಲ್ಲ. ಶನಿವಾರ ಕೆಲಸದ ಜಾಗದಲ್ಲೇ ಹೆಸರು ಕೂಗಿ ಒಬ್ಬೊಬ್ಬರ ಅಂಗೈಗೇ ಕೊಡಬೇಕು. ಕಂಟ್ರಾಕ್ಟರು ಅಲ್ಲಿಯವರೆಗೆ ಪ್ರತಿ ಕೂಲಿಯಲ್ಲೂ ತನ್ನ ಪಾಲು ಮುರಿದುಕೊಳ್ಳುತ್ತಿದ್ದ. ಅವನು ಸುಮ್ಮನಿರುವ ಆಸಾಮಿಯಲ್ಲ.

ಮೂರನೇ ಶನಿವಾರ ಕಲ್ಲುಕ್ವಾರಿಯಲ್ಲಿ ಸಾಹೇಬರು ಒಂದು ಮದ್ದಿನ ಪೆಟ್ಟಿಗೆಯ ಮೇಲೆ ಕೂತು ಹೆಸರು ಕೂಗುತ್ತಿದ್ದರು. ಕಂಟ್ರಾಕ್ಟರನ ಕಡೆಯ ನಾಲ್ವರು ಬಂದು ಪೆಟ್ಟಿಗೆಯನ್ನೇ ಒದ್ದರು. ಸಾಹೇಬರು ಏಳುವಷ್ಟರಲ್ಲಿ ಒಬ್ಬ ಸುತ್ತಿಗೆಯ ಕಾವಿನಿಂದ ಅವರ ಮುಖಕ್ಕೆ ಬೀಸಿದ. ಮೂಗು ಮುರಿದ ಸದ್ದು ನನಗೆ ಕೇಳಿಸಿತು. ನನ್ನ ಮೈಮೇಲೆ ಏನು ಬಂತೋ, ಅವನ ಕೂದಲು ಹಿಡಿದು ಬಂಡೆಗೆ ಚಚ್ಚಿದೆ. ಮೇಸ್ತ್ರಿ ಹಾರೆ ಎತ್ತಿಕೊಂಡು ಇನ್ನೊಬ್ಬನ ಮೊಣಕಾಲು ಮುರಿದ. ಕೂಲಿ ಹೆಂಗಸರು ಜಲ್ಲಿಕಲ್ಲು ಮಡಿಲಿಗೆ ತುಂಬಿಕೊಂಡು ಉಳಿದಿಬ್ಬರನ್ನು ಇಳಿಜಾರಿನುದ್ದಕ್ಕೂ ಅಟ್ಟಿದರು.

ಸಾಹೇಬರು ಎದ್ದರು. ಪೆಟ್ಟಿಗೆಯನ್ನು ನೆಟ್ಟಗೆ ಮಾಡಿ ಮತ್ತೆ ಕೂತರು. ಮಫ್ಲರಿನಿಂದ ಮೂಗು ಒತ್ತಿ ಹಿಡಿದು, ರಕ್ತ ತೊಟ್ಟಿಕ್ಕಿದ ಹಾಜರಿ ಪಟ್ಟಿಯಲ್ಲಿ ಬೆರಳಿಟ್ಟು, ಮುಂದಿನ ಹೆಸರು ಕೂಗಿದರು. ಕೊನೆಯ ಕೂಲಿಯವರೆಗೂ ಕೊಟ್ಟು ಮುಗಿಸಿಯೇ ಆಸ್ಪತ್ರೆಗೆ ಹೋದದ್ದು. ಅವತ್ತು ಅವರ ಕಾಲಿಗೆ ಬೀಳಬೇಕು ಅನ್ನಿಸಿತು ನನಗೆ. ಇವತ್ತಿಗೂ ಅಂಥ ಅಧಿಕಾರಿಯನ್ನು ನಾನು ಕಂಡಿಲ್ಲ, ಹೊಗಳಿಕೆಗೆ ಹೇಳುವ ಮಾತಲ್ಲ ಇದು.

ಮರುವಾರ ಕಂಟ್ರಾಕ್ಟರನನ್ನು ಇಲಾಖೆಯ ಪಟ್ಟಿಯಿಂದಲೇ ತೆಗೆದುಹಾಕಿದರು. ಇನ್ನು ಮುಂದೆ ಅವನಿಗೆ ಒಂದು ಚರಂಡಿಯ ಕೆಲಸವೂ ಇಲ್ಲ. ಮಂಜೂರಿನ ಚಹಾ ಅಂಗಡಿಯಲ್ಲಿ ನಾನು ಎಲ್ಲರಿಗೂ ಚಹಾ ಕೊಡಿಸಿದೆ. ಎರಡನೇ ಗುಟುಕಿಗೆ ಹೊಳೆಯಿತು: ಇನ್ನು ಆ ಮನುಷ್ಯನಿಗೆ ನಮ್ಮ ಹೆದರಿಕೆ ಏಕಿರಬೇಕು? ಏಳನೇ ತಿರುವಿನ ಗೋಡೆಯನ್ನು ಅವನು ಏಕೆ ಕಟ್ಟಬೇಕು?

ಅದೇ ವಾರ ಸಾಹೇಬರು ಅಳತೆ ಪುಸ್ತಕ ತಪಾಸಣೆಗೆ ಕೂತರು. ಮುರಿದ ಮೂಗಿಗೆ ಪಟ್ಟಿ ಕಟ್ಟಿತ್ತು. ಪುಟದ ಮೂಲೆ ತೋರಿಸಿ, ಇದೇನು ಚುಕ್ಕೆ ಎಂದರು. ಓವರ್‌ಸಿಯರು ಬೆವರಿ, ಏನಿಲ್ಲ ಸಾರ್, ಎಣಿಸುವಾಗ ಪೆನ್ಸಿಲ್ ತಾಗಿರಬೇಕು ಎಂದ. ಅಳತೆ ಪುಸ್ತಕ ಕೋರ್ಟಿನಲ್ಲಿ ನಿಲ್ಲುವ ದಾಖಲೆ, ಅದರಲ್ಲಿ ಪೆನ್ಸಿಲಿನ ಒಂದು ಗೀರೂ ಇರಕೂಡದು, ಸಂಜೆಯೊಳಗೆ ಚೊಕ್ಕ ಮಾಡಿ ಎಂದು ಪುಸ್ತಕವನ್ನು ನನ್ನ ಕೈಗೆ ಕೊಟ್ಟರು. ಕಿಟಕಿಯ ಬಳಿ ಕೂತು ರಬ್ಬರಿನಿಂದ ಒಂಬತ್ತೂ ಚುಕ್ಕೆಗಳನ್ನು ನಾನೇ ಉಜ್ಜಿ ತೆಗೆದೆ. ಆ ಇಡೀ ಪುಸ್ತಕದಲ್ಲಿ ನಿಜ ಹೇಳುತ್ತಿದ್ದದ್ದು ಆ ಚುಕ್ಕೆಗಳು ಮಾತ್ರ.

ಭಾನುವಾರ ಊಟಿಗೆ ಬಸ್ಸು ಹತ್ತಿ ಕಂಟ್ರಾಕ್ಟರನ ಮನೆಗೆ ಹೋದೆ. ವರಾಂಡದಲ್ಲಿ ಬಿಸಿಲು ಕಾಯಿಸುತ್ತ ಕೂತಿದ್ದ. ಮಿಕ್ಕ ಎಂಟು ಹಾಳಾಗಲಿ, ಏಳನೇ ತಿರುವಿನದೊಂದು ಕಟ್ಟಿಕೊಡಿ, ಕೆಳಗೆ ಮನೆಗಳಿವೆ ಎಂದು ನನ್ನ ಜನ್ಮದಲ್ಲಿ ಯಾರನ್ನೂ ಬೇಡದಷ್ಟು ಬೇಡಿದೆ.

"ತಂಬಿ, ಬುಕ್ಕೆ ಎಡುತ್ತು ಪಾರು" ಎಂದು ನಕ್ಕ. ಅಂದರೆ, ಪುಸ್ತಕ ತೆಗೆದು ನೋಡಪ್ಪ, ಗೋಡೆ ಕಟ್ಟಿಕೊಟ್ಟಿದ್ದೇನೆ ಎಂದು ನಿನ್ನ ಕೈಬರಹವೇ ಇದೆ. ಕೊಟ್ಟ ಗೋಡೆಯನ್ನು ನೀವು ಎಲ್ಲಿ ಇಟ್ಟು ಮರೆತಿರೋ ನನಗೇನು ಗೊತ್ತು?

ಹೊಡೆದೆ. ಕುರ್ಚಿ ಸಮೇತ ಹಿಂದಕ್ಕೆ ಬಿದ್ದ. ಎದೆಯ ಮೇಲೆ ಕೂತು ಇನ್ನೆರಡು ಹೊಡೆಯುವಷ್ಟರಲ್ಲಿ ಒಳಗಿನಿಂದ ಅವನ ಭಾವಮೈದುನರು ಬಂದರು. ಬಡವನ ಕೋಪ ದವಡೆಗೆ ಮೂಲ ಅನ್ನುತ್ತಾರಲ್ಲ, ಅಕ್ಷರಕ್ಕೆ ಅಕ್ಷರ ಹಾಗೇ ಆಯಿತು. ಎರಡು ದವಡೆ ಹಲ್ಲು ಅವರ ಅಂಗಳದಲ್ಲೇ ಉಗುಳಿ, ಬಾಯಿಗೆ ಟವೆಲ್ಲು ಒತ್ತಿಕೊಂಡು ಬಸ್ಸು ಹತ್ತಿದೆ.

ಉಳಿದದ್ದು ಒಂದೇ ದಾರಿ, ಸಾಹೇಬರಿಗೆ ಹೇಳುವುದು. ಹೇಳಿದರೆ ಅವರು ಹೇಗಾದರೂ ಗೋಡೆ ಕಟ್ಟಿಸುತ್ತಾರೆ, ಇದರಲ್ಲಿ ನನಗೆ ಅನುಮಾನವಿರಲಿಲ್ಲ. ಆದರೆ ಸುಳ್ಳು ಅಳತೆ ಬರೆದವನು ಜೈಲಿಗೆ ಹೋಗುತ್ತಾನೆ ಅನ್ನುವುದರಲ್ಲೂ ಅನುಮಾನವಿರಲಿಲ್ಲ. ಅಕ್ಷರ ನನ್ನದು, ಸಹಿ ಓವರ್‌ಸಿಯರನದು. ಓವರ್‌ಸಿಯರನ ಹತ್ತಿರ ಹೋಗಿ, ಇಬ್ಬರೂ ಹೋಗಿ ಹೇಳೋಣ ಎಂದೆ. ಅವನು ಈ ಸಲ ಮಳೆ ಕಡಿಮೆಯಂತೆ ಎಂದ. ಮರುದಿನದಿಂದ ಹೊಟ್ಟೆನೋವೆಂದು ಒಂದು ತಿಂಗಳ ರಜೆ ಹಾಕಿ ಊರಿಗೆ ಹೋದ.

ಒಬ್ಬನೇ ಹೋದೆ. ಸಾಹೇಬರು ನನ್ನ ಊದಿದ ಮುಖ ನೋಡಿ ಎದ್ದು ಬಂದು, ಯಾರು ಹೊಡೆದರು, ಆ ಕಂಟ್ರಾಕ್ಟರನ ಕಡೆಯವರೆ ಎಂದರು. ಹೌದು ಎಂದೆ. ತಮ್ಮ ಮುರಿದ ಮೂಗು ಮುಟ್ಟಿಕೊಂಡು, ನಾವಿಬ್ಬರೂ ಒಂದೇ ಕಡೆ ಪೆಟ್ಟು ತಿಂದವರು ಎಂದು ನಕ್ಕರು. ಮೇಜಿನ ಮೇಲೆ ಟೈಪು ಮಾಡಿದ ಕಾಗದವಿತ್ತು. ಓದಿ ಹೇಳಿದರು: ಜಿಲ್ಲೆಗೆಲ್ಲ ಮಂಜೂರು ಸೆಕ್ಷನ್ನಿನ ಪುಸ್ತಕಗಳೇ ಶುದ್ಧ, ಉಳಿದ ಸೆಕ್ಷನ್ನುಗಳು ಇಲ್ಲಿ ಬಂದು ನೋಡಿ ಕಲಿಯಬೇಕು. ಕೆಳಗೆ ನನ್ನನ್ನೂ ಹೊಗಳಿದ್ದರು. ನನಗೆ ವೈಶಾಖದಲ್ಲಿ ಮದುವೆ ಗೊತ್ತಾಗಿತ್ತು. ಬಾಯಿ ತೆರೆದೆ, ದವಡೆ ನೋವೆಂದು ಹೇಳಿ ರಜೆ ಕೇಳಿ ಹೊರಗೆ ಬಂದೆ. ಹೇಡಿತನಕ್ಕೆ ಬೇರೆ ಹೆಸರಿಡಲು ಎಷ್ಟೋ ವರ್ಷ ಪ್ರಯತ್ನ ಪಟ್ಟಿದ್ದೇನೆ. ಹೇಡಿತನವೇ ಅದು.

ಮೇ ಕಳೆಯುತ್ತ ಬಂತು. ಏಳನೇ ತಿರುವಿನ ಬಿರುಕಿನಲ್ಲಿ ಅಂಗೈ ಇಳಿಯುವಷ್ಟು ಜಾಗವಾಗಿತ್ತು. ಮೇಸ್ತ್ರಿ ದಿನವೂ ಕೇಳುತ್ತಿದ್ದ, ನಾನು ದಿನವೂ ಏನಾದರೊಂದು ಹೇಳುತ್ತಿದ್ದೆ. ಕೊನೆಗೆ, ಮಳೆ ಮುಗಿಯೋವರೆಗೆ ಮನೆ ಖಾಲಿ ಮಾಡಿ ಬೇರೆ ಕಡೆ ಇರಿ ಮೇಸ್ತ್ರಿ ಎಂದೆ.

"ಎಲ್ಲಿಗ ಹೋಗದು ಬುದ್ದಿ? ಮ್ಯಾಲ ಎಸ್ಟೇಟು, ಕೆಳಗ ಫಾರೆಸ್ಟು. ಹನ್ನೊಂದು ಸಂಸಾರ ರೋಡ ಮ್ಯಾಲ ಮನಿಕಳದ?" ಎಂದ. ಆಮೇಲೆ ನನ್ನ ಮುಖವನ್ನೇ ನೋಡುತ್ತ, "ಗ್ವಾಡ ಬರಲ್ಲ ಅನ್ನಿ" ಎಂದ.

ನಾನು ಕೈಯಲ್ಲಿದ್ದ ಟೇಪು ಸುತ್ತತೊಡಗಿದೆ. ಅವನಿಗೆ ಅಷ್ಟು ಸಾಕಾಯಿತು.

ಆ ವಾರದ ಭಾನುವಾರ ಗ್ಯಾಂಗಿನವರು ತಾವೇ ಗೋಡೆಗೆ ಕೈಹಾಕಿದರು. ಗಾರೆಯಿಲ್ಲದ ಕಲ್ಲುಕಟ್ಟಣೆ. ಕಲ್ಲು ಎಲ್ಲಿಂದ ತರಬೇಕು? ರಸ್ತೆಬದಿಯಲ್ಲಿ ಇಲಾಖೆ ಅಳೆದು ರಾಶಿ ಹಾಕಿಸಿದ್ದ ಕಲ್ಲನ್ನೇ ಹೊತ್ತರು. ಗಂಡಸರು ಮೊಣಕಾಲೆತ್ತರ ಕಟ್ಟಿದ್ದರು, ಮೇಸ್ತ್ರಿಯ ಹೆಂಡತಿ ಮಣ್ಣು ಕಲಸಿ ಸಂದಿಗೆ ಮೆತ್ತುತ್ತಿದ್ದಳು. ಸೋಮವಾರ ಸಾಹೇಬರು ರಾಶಿ ಎಣಿಸುತ್ತ ಬಂದರು. ನಾಲ್ಕು ರಾಶಿ ಕಡಿಮೆ. ಕಟ್ಟಣೆ ನೋಡಿ, ಪುಸ್ತಕ ತೆರೆದು, ಇಲ್ಲಿ ಆಗಲೇ ಗೋಡೆಯಿದೆ ಎಂದು ಬರೆದಿದೆಯಲ್ಲ, ಮತ್ತೆ ಇವರು ಏನು ಕಟ್ಟುತ್ತಿದ್ದಾರೆ ಎಂದು ನನ್ನನ್ನು ಕೇಳಿದರು. ಬಿರುಕಿನ ಮೇಲೆ ಹುಲ್ಲು ಬೆಳೆದು ಬಾಗಿತ್ತು; ಮೇಲಿನಿಂದ ಬಗ್ಗಿ ನೋಡದೆ ಏನೂ ತಿಳಿಯುವಂತಿರಲಿಲ್ಲ. ಆ ಹುಲ್ಲು ಸರಿಸಿ ತೋರಿಸಿದ್ದರೆ ಅಲ್ಲಿಗೆ ಎಲ್ಲ ಮುಗಿಯುತ್ತಿತ್ತು.

"ಗೋಡೆ ಕೆಳಗಿದೆ ಸಾರ್. ಇದು ಇವರ ಹಿತ್ತಲಿಗೆ ಕಟ್ಟೆ" ಎಂದೆ.

ಸರ್ಕಾರದ ಕಲ್ಲು ಕದ್ದದ್ದಕ್ಕೆ ಗ್ಯಾಂಗಿಗೆಲ್ಲ ಮೂರು ದಿನದ ಅರ್ಧ ಕೂಲಿ ದಂಡ. ಕಲ್ಲೆಲ್ಲ ಕಿತ್ತು ಮತ್ತೆ ರಾಶಿಗೆ ಹಾಕಬೇಕು. ಕೆಟ್ಟವರಾಗಿದ್ದರೆ ಸಾಹೇಬರು ಹತ್ತು ರೂಪಾಯಿ ತೆಗೆದುಕೊಂಡು ಬಿಟ್ಟುಬಿಡುತ್ತಿದ್ದರು, ಗೋಡೆ ಉಳಿಯುತ್ತಿತ್ತು. ದಂಡದ ಹುಕುಮನ್ನು ಓದಿ ಹೇಳಿದವನು ನಾನು. ಮೇಸ್ತ್ರಿಯ ಹೆಂಡತಿ ಮಣ್ಣಿನ ಕೈಯಲ್ಲೇ ನಿಂತು ಕೇಳಿ, "ನಿನ್ ನಾಲ್ಗ ಸೇದೋಗ" ಎಂದು ಶಾಪ ಹಾಕಿದಳು. ಮೇಸ್ತ್ರಿ ಅವಳ ಕೆನ್ನೆಗೆ ಹೊಡೆದು ಕಲ್ಲು ಕೀಳಲು ಬಗ್ಗಿದ. ಅವಳಿಗೆ ಬಿದ್ದ ಏಟು ನನಗೆ ಬೀಳಬೇಕಾಗಿತ್ತು.

ಜುಲೈಯಲ್ಲಿ ಮಳೆ ಹಿಡಿಯಿತು. ಕುಂದಾ ಕಡೆಯ ಮಳೆ ಸುರಿಯುವುದಿಲ್ಲ, ಅಡ್ಡಡ್ಡ ಹೊಡೆಯುತ್ತದೆ. ಮೂರನೇ ದಿನ ಬೆಳಿಗ್ಗೆ ನಾಲ್ಕನೇ ತಿರುವಿನಲ್ಲಿ ಮಣ್ಣು ಜರಿಯಿತೆಂದು ಸುದ್ದಿ ಬಂತು. ಗ್ಯಾಂಗನ್ನು ಕರೆದುಕೊಂಡು ಹೋದೆ. ಹೊರಡುವಾಗ ಮೇಸ್ತ್ರಿ, ಹೆಂಡತಿಗೆ ಚಳಿಜ್ವರ, ಮಗಳ ಕೂಸೂ ಅವಳ ಹತ್ತಿರವೇ ಇದೆ, ಇವತ್ತೊಂದು ದಿನ ಬಿಡಿ ಎಂದ. ರಸ್ತೆ ಬಿಡಿಸದಿದ್ದರೆ ಪವರ್‌ಹೌಸಿಗೆ ಲಾರಿ ಹೋಗುವುದಿಲ್ಲ, ಸಾಹೇಬರು ಹಾಜರಿ ಕೂಗುತ್ತಾರೆ, ಬಾ ಎಂದೆ. ಬಂದ.

ಹತ್ತು ಗಂಟೆಯ ಹೊತ್ತಿಗೆ ಸದ್ದು ಕೇಳಿತು. ಸುರಂಗದಲ್ಲಿ ಮದ್ದು ಹಾರಿದ ಹಾಗೆ ಒಂದೇ ಏಟು. ಸಲಿಕೆ ಹಿಡಿದುಕೊಂಡೇ ಎಲ್ಲರೂ ಓಡಿದೆವು. ಏಳನೇ ತಿರುವಿನಲ್ಲಿ ಅರ್ಧ ರಸ್ತೆ ಇರಲಿಲ್ಲ. ಕೆಳಗೆ ಕೆಂಪು ಕೆಸರಿನ ನಾಲಗೆ ಲೈನಿನ ಮೇಲೆ ಚಾಚಿಕೊಂಡಿತ್ತು. ನಾಲ್ಕು ಮನೆ ಅದರಡಿ. ಹೆಂಗಸರು ಮಳೆಯಲ್ಲೇ ಕಂಬಳಿ ಹೊದ್ದು ಎಸ್ಟೇಟಿಗೆ ಚಹಾ ಎಲೆ ಕೀಳಲು ಹೋಗಿದ್ದರಿಂದ ಮೂರು ಮನೆ ಖಾಲಿ. ನಾಲ್ಕನೆಯದು ಮೇಸ್ತ್ರಿಯದು.

ಮೇಲಿನ ಹಟ್ಟಿಯ ಬಡಗ ರೈತರು ಹಾರೆ ಗುದ್ದಲಿ ತೆಗೆದುಕೊಂಡು ಇಳಿದು ಬಂದರು. ಎರಡು ಗಂಟೆ ತೋಡಿದೆವು. ಮೊದಲು ಮಾಡಿನ ತಗಡು ಸಿಕ್ಕಿತು, ಮುಷ್ಟಿಯಲ್ಲಿ ಹಿಂಡಿದ ಕಾಗದದ ಹಾಗೆ ಮುದುಡಿತ್ತು. ಅದರಡಿ ಅವಳು ಬೋರಲು ಬಿದ್ದಿದ್ದಳು. ಬೆನ್ನು ಮುರಿದು ಮೈ ಎರಡಾಗಿತ್ತು. ಕೂಸು ಅವಳ ಹೊಟ್ಟೆಯಡಿ ಇತ್ತು, ಬಾಯಿ ತುಂಬ ಮಣ್ಣು. ಮೇಸ್ತ್ರಿ ತನ್ನ ಮೂರು ಬೆರಳಿನ ಕೈಯಿಂದ ಆ ಬಾಯಿಯ ಮಣ್ಣು ತೆಗೆಯುತ್ತಲೇ ಇದ್ದ. ಹಟ್ಟಿಯ ಹಿರಿಯರೊಬ್ಬರು ಕೈ ಹಿಡಿದು ನಿಲ್ಲಿಸುವವರೆಗೂ ತೆಗೆಯುತ್ತಿದ್ದ.

ಸಾಹೇಬರು ಜೀಪನ್ನು ನಾಲ್ಕನೇ ತಿರುವಿನಲ್ಲೇ ಬಿಟ್ಟು ಓಡುತ್ತ ಬಂದರು. ಹೆಣಗಳ ಮುಂದೆ ತಲೆಯ ಮೇಲಿನ ಟೋಪಿ ತೆಗೆದು ನಿಂತರು. ಆಮೇಲೆ ಆ ಕೆಸರಿನಲ್ಲಿ ಮೊಣಕಾಲುದ್ದ ಹೂತುಕೊಂಡು ಏನನ್ನೋ ಹುಡುಕತೊಡಗಿದರು. ಅತ್ತ ಹೋದರು, ಇತ್ತ ಬಂದರು, ಬಗ್ಗಿ ಕೈಹಾಕಿ ತಡಕಿದರು. ಅವರು ಏನು ಹುಡುಕುತ್ತಿದ್ದಾರೆಂದು ನನಗೆ ಗೊತ್ತಾಯಿತು.

"ಗೋಡೆಯ ಕಲ್ಲುಗಳೆಲ್ಲಿ?" ಎಂದು ತಮಿಳಿನಲ್ಲಿ ಕೇಳಿದರು. ಅಷ್ಟುದ್ದದ ಗೋಡೆ ಬಿದ್ದರೆ ನೂರಾರು ಕಲ್ಲು ಬೀಳಬೇಕು. ಒಂದೂ ಕಾಣುವುದಿಲ್ಲವಲ್ಲ?

"ನೀರಿನಲ್ಲಿ ಕೊಚ್ಚಿಕೊಂಡು ಹೋದವು ಸಾರ್" ಎಂದೆ.

ಎರಡು ಹೆಣ ಎದುರಿಗಿಟ್ಟುಕೊಂಡು ಹಾಗೆ ಹೇಳಿದೆ. ಮೇಸ್ತ್ರಿಗೆ ತಮಿಳು ನಮ್ಮಷ್ಟೇ ಬರುತ್ತಿತ್ತು. ಅವನು ಸಲಿಕೆ ಎತ್ತಿದ್ದು ನನಗೆ ಕಾಣಲಿಲ್ಲ. ಭುಜದ ಮೇಲೆ ಬಿತ್ತು. ಕೊರಳಮೂಳೆ ಮುರಿದು ಚರ್ಮದಿಂದ ಹೊರಗೆ ಬಂತು. ಕೆಸರಿಗೆ ಬಿದ್ದವನ ತಲೆಗೆ ಎರಡನೆಯದು ಬರುತ್ತಿತ್ತು, ಸಾಹೇಬರು ನಡುವೆ ಬಿದ್ದು ತೋಳು ಅಡ್ಡ ಕೊಟ್ಟರು. ಅವರ ತೋಳೂ ಸೀಳಿ ಹೋಯಿತು. ಅವರು ಅದನ್ನು ನೋಡಿಕೊಳ್ಳದೆ ನನ್ನ ಮುಖದ ಹತ್ತಿರ ಬಗ್ಗಿ, ಗೋಡೆ ಇತ್ತೇ ಎಂದು ಮೆಲ್ಲಗೆ ಕೇಳಿದರು.

"ಇರಲಿಲ್ಲ" ಎಂದೆ.

ಅವರ ಮುಖ ಹೇಗಾಯಿತೆಂದು ನಾನು ಬರೆಯಲಾರೆ. ಸಲಿಕೆಯ ಏಟು ಅದರ ಮುಂದೆ ಏನೂ ಅಲ್ಲ.

ಐದನೇ ದಿನ ಊಟಿಯ ಆಸ್ಪತ್ರೆಗೆ ಅವರು ಬಂದರು, ಜೊತೆಯಲ್ಲಿ ಮೇಸ್ತ್ರಿಯನ್ನೂ ಜೀಪಿನಲ್ಲಿ ಕೂರಿಸಿಕೊಂಡು. ಇಬ್ಬರೂ ನನ್ನ ಮಂಚದ ಪಕ್ಕದ ಬೆಂಚಿನ ಮೇಲೆ ಕೂತರು. ಸಾಹೇಬರ ತೊಡೆಯ ಮೇಲೆ ವರದಿಯ ಕಾಗದವಿತ್ತು, ಬರೆದಿರಲಿಲ್ಲ. ಮೇಸ್ತ್ರಿಯ ಕಡೆ ತಿರುಗಿ ತಮಿಳಿನಲ್ಲಿ, ಮಗುವಿಗೆ ಹೇಳಿದಷ್ಟು ನಿಧಾನವಾಗಿ ಹೇಳಿದರು. ಗೋಡೆ ಇರಲೇ ಇಲ್ಲವೆಂದು ನಿಜ ಬರೆದರೆ ಕೇಸಾಗುತ್ತದೆ. ಇವನೂ ಓವರ್‌ಸಿಯರೂ ಜೈಲಿಗೆ ಹೋಗುತ್ತಾರೆ, ಕಣ್ಣುಮುಚ್ಚಿ ನಂಬಿದ ನನಗೂ ಶಿಕ್ಷೆಯಾಗುತ್ತದೆ, ಆಗಲಿ. ಆದರೆ ಕೇಸು ಮುಗಿಯುವವರೆಗೆ ಆ ಜಾಗದಲ್ಲಿ ಒಂದು ಕಲ್ಲು ಇಡಲು ಬಿಡುವುದಿಲ್ಲ, ಐದು ವರ್ಷವೋ ಹತ್ತು ವರ್ಷವೋ. ಗೋಡೆ ಇತ್ತು, ಮಳೆಗೆ ಬಿತ್ತು ಎಂದು ಬರೆದರೆ ಮಳೆಹಾನಿಯ ಹಣ ಹದಿನೈದು ದಿನದಲ್ಲಿ ಬರುತ್ತದೆ. ಇಷ್ಟು ಹೇಳಿ, "ನನಗೆ ತಿಳಿಯುತ್ತಿಲ್ಲ. ನೀನು ಹೇಳು" ಎಂದರು.

ಮೇಸ್ತ್ರಿ ನನ್ನ ಕಡೆ ನೋಡಲಿಲ್ಲ. "ನನ್ ಹೆಂಡ್ತಿ ಮಳಗ ಸತ್ಲು ಅಂತ ಆಯ್ತದ?" ಎಂದು ಕನ್ನಡದಲ್ಲೇ ಕೇಳಿದ. ನಾನು ಸಾಹೇಬರಿಗೆ ತಮಿಳಿನಲ್ಲಿ ಹೇಳಿದೆ. ಅವರು ಹೌದೆಂದು ತಲೆಯಾಡಿಸಿದರು.

"ಮಿಕ್ಕ ಮನ ಏಳು ಅವ" ಎಂದ ಮೇಸ್ತ್ರಿ. "ಬಿತ್ತು ಅಂತ ಬರೀರಿ."

ಸಾಹೇಬರು ತೊಡೆಯ ಮೇಲೇ ಕಾಗದವಿಟ್ಟುಕೊಂಡು ಬರೆದರು. ನಿಬ್ಬು ಒತ್ತಿ ಎರಡು ಕಡೆ ಕಾಗದ ಹರಿಯಿತು. ಸಹಿ ಹಾಕಿ ಎದ್ದು, ಆಸ್ಪತ್ರೆಯ ಹಿಂದಿನ ಮೋರಿಯ ಹತ್ತಿರ ಹೋಗಿ ವಾಂತಿ ಮಾಡಿಕೊಂಡರು. ಆ ವರ್ಷ ಕಳೆಯುವುದರೊಳಗೆ ವರ್ಗ ಕೇಳಿಕೊಂಡು ಹೋದರು. ಎಲ್ಲಿಗೆಂದು ನಾನು ವಿಚಾರಿಸಲಿಲ್ಲ. ಅವರ ಮುಂದೆ ಇನ್ನೊಮ್ಮೆ ನಿಲ್ಲುವ ಮುಖ ನನಗಿರಲಿಲ್ಲ.

ಹಣ ಬಂತು. ಮಳೆ ನಿಂತ ಮೇಲೆ ಗೋಡೆ ಎದ್ದಿತು, ಗ್ಯಾಂಗಿನವರೇ ಕಟ್ಟಿದರು. ಮೇಸ್ತ್ರಿ ಕೊನೆಯ ಸಾಲಿನವರೆಗೆ ಒಂದೊಂದು ಕಲ್ಲನ್ನೂ ಸುತ್ತಿಗೆಯಿಂದ ಬಡಿದು ನೋಡಿ ಕೂರಿಸಿದ. ಸರಿಯಾಗಿ ಕೂರದ ಕಲ್ಲಿಗೆ ಅವನು ಬೈಯುತ್ತಿದ್ದ ಬೈಗುಳ ನನಗೆ ಬೈದದ್ದೆಂದೇ ಕೇಳಿಸಿಕೊಳ್ಳುತ್ತಿದ್ದೆ. ಮುಗಿದ ದಿನ ಅಳತೆಗೆ ಹೋದೆ. ರಜೆಗೆ ಹೋದವನ ಜಾಗಕ್ಕೆ ಬಂದ ಹೊಸ ಓವರ್‌ಸಿಯರು ಮೇಲೆ ರಸ್ತೆಯಲ್ಲಿ ನಿಂತಿದ್ದ. ಟೇಪಿನ ಆ ತುದಿ ಮೇಸ್ತ್ರಿ ಹಿಡಿದ, ಈ ತುದಿ ನಾನು. ಅಳೆದು, ಗೋಡೆಯ ಮೇಲೆಯೇ ಪುಸ್ತಕ ಇಟ್ಟು ಬರೆದೆ.

"ಏನ್ ಬರದ್ರಿ?" ಎಂದ. ಸಲಿಕೆಯಲ್ಲಿ ಹೊಡೆದ ದಿನದಿಂದ ಅವನು ನನ್ನೊಡನೆ ನೇರವಾಗಿ ಆಡಿದ ಮೊದಲ ಮಾತು.

"ಏಳನೇ ತಿರುವಿನಲ್ಲಿ ತಡೆಗೋಡೆ ಕಟ್ಟಿ ಮುಗಿದಿದೆ. ಉದ್ದ ಇಷ್ಟು, ಎತ್ತರ ಇಷ್ಟು ಅಂತ."

"ಆ ಮಾರ್ಚಲ್ಲಿ ಏನ್ ಬರದಿದ್ರಿ?"

ಪುಟ ಹಿಂದಕ್ಕೆ ಮಗುಚಿದೆ. "ಇದೇ" ಎಂದೆ.

"ಇದೇಯ?"

"ಇದೇ ಮೇಸ್ತ್ರಿ. ಒಂದಕ್ಷರವೂ ಬೇರೆ ಇಲ್ಲ."

ಅವನು ಕೈ ಚಾಚಿ ಪುಸ್ತಕ ತೆಗೆದುಕೊಂಡ. ಅಕ್ಷರ ಬಾರದವನು. ಹಳೆಯ ಪುಟ ನೋಡಿದ, ಹೊಸ ಪುಟ ನೋಡಿದ, ಮತ್ತೆ ಹಳೆಯದಕ್ಕೆ ಹೋದ. ಯಾವುದು ಯಾವುದೆಂದು ತಿಳಿಯದೆ ಪುಸ್ತಕವನ್ನು ನನ್ನ ಮುಂದೆ ಹಿಡಿದ.

"ನನ್ ಹೆಂಡ್ತಿ ಯಾವ್ದರ ಕೆಳಗ ಅವ್ಳ? ತೋರ್ಸಿ" ಎಂದ.

ನಾನು ಹಳೆಯ ಪುಟ ತೆಗೆದು, ನನ್ನ ಕೈಬರಹದ ಮೇಲೆ ಬೆರಳಿಟ್ಟು ತೋರಿಸಿದೆ.